ಮೊಂಡು ಖಡ್ಗದ ವ್ಯಾಪಾರಿ

ಸಿಂಧನೂರಿನಲ್ಲಿ ನನ್ನದು ಸನ್ಮಾನದ ಸಾಮಾನಿನ ಅಂಗಡಿ. ಶಾಲು, ಪೇಟ, ಗಂಧದ ಹಾರ, ಫಲಕ, ಗೋಡೆಗೆ ಸಾಲಾಗಿ ಖಡ್ಗ. ಸಂಗೊಳ್ಳಿ ರಾಯಣ್ಣನ ಜಯಂತಿ ಆಗಸ್ಟ್ 15ಕ್ಕೆ; ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಎರಡೂ ಬಾವುಟ ಏರಿಸುವ ದಿನಗಳೇ ಆದ್ದರಿಂದ ಆ ವಾರಗಳಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಹುತಾತ್ಮನ ದಿನ ನನಗೆ ನೆನಪಿರುವುದು ಸ್ಟಾಕಿನ ಲೆಕ್ಕದಲ್ಲಿ. ಹೂವಿನವರೂ ಹೀಗೇ ಅಲ್ಲವೇ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ.

ಖಡ್ಗದ ಒಳಗುಟ್ಟು ನನಗೆ ಗೊತ್ತು. ಅಲಗೆಂದರೆ ತೆಳು ತಗಡು, ಮೇಲೆ ನಿಕ್ಕಲ್ ಹೊಳಪು. ಹಿಡಿಯೊಳಗೆ ಒಂದೇ ನಟ್ಟು. ಜೋರಾಗಿ ಬೀಸಿದರೆ ಸಡಿಲಾಗಿ ಗಡಗಡ ಅನ್ನುತ್ತದೆ. ಅದಕ್ಕೇ ‘ಎತ್ತಿ ಹಿಡೀರಿ, ಬೀಸಬ್ಯಾಡ್ರಿ’ ಎಂದು ಹೇಳಿಯೇ ಕೊಡುತ್ತೇನೆ. ಒರೆಯ ಕೆಂಪು ಮಖಮಲ್ಲಿಗೆ ಜರಿ ಅಂಚನ್ನು ಅಂಟಿಸಿರುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಜರಿ ಜೋತಾಡುತ್ತದೆ. ಗಿರಾಕಿಯ ಬೆನ್ನ ಹಿಂದೆ ಎಷ್ಟು ಜನ ಬಂದಿದ್ದಾರೆಂದು ನೋಡಿಯೇ ನಾನು ಉದ್ದ ತೀರ್ಮಾನಿಸುವುದು. ವಾರ್ಡಿನ ಮಟ್ಟದವರಿಗೆ ಎರಡು ಫೂಟು, ಟಿಕೆಟ್ಟಿನ ಮೇಲೆ ಕಣ್ಣಿಟ್ಟವರಿಗೆ ನಾಲ್ಕು. ಅವರು ಹೋದ ಮೇಲೆ ಒಳಗೊಳಗೇ ನಗುತ್ತಿದ್ದೆ. ಆ ನಗು ಎಲ್ಲಿಂದ ಬರುತ್ತಿತ್ತು ಎಂಬುದೇ ಈಗ ನನ್ನನ್ನು ಕಾಡುತ್ತಿರುವುದು.

ಲಿಂಗಸುಗೂರಿನಲ್ಲಿ ಹಿಂದೆ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. ಹಳಬರು ಈಗಲೂ ಛಾವಣಿ ಅನ್ನುತ್ತಾರೆ. ಅಲ್ಲಿಂದ ಒಬ್ಬರು ಗಾಜಿನ ಪೆಟ್ಟಿಗೆ ಮಾಡಿಸಲು ಒಂದು ಖಡ್ಗ ತಂದಿದ್ದರು. ಮಗ ಸ್ಪೇನಿನ ಟೊಲೆಡೊದಿಂದ ತಂದದ್ದಂತೆ, ಮೇಲೆ ಎಲ್ ಸಿದ್‌ನ ಹೆಸರು. ಹನ್ನೊಂದನೇ ಶತಮಾನದ ಸೇನಾನಿ. ಕ್ಯಾಸ್ಟೈಲಿನ ಅರಸ ಗಡೀಪಾರು ಮಾಡಿದಾಗ ಸರಗೋಸಾದ ಮುಸ್ಲಿಂ ದೊರೆಯ ಪರ ಕಾದಿದವನು, ಕೊನೆಗೆ ವಲೆನ್ಸಿಯಾ ಗೆದ್ದು 1099ರಲ್ಲಿ ಅಲ್ಲೇ ತೀರಿಕೊಂಡವನು. ಇದ್ಯಾವುದೂ ಆ ಮನೆಯ ಅಜ್ಜಿಗೆ ಬೇಕಿರಲಿಲ್ಲ. ಖಂಡೇಪೂಜೆಯ ದಿನ ಕುಡುಗೋಲು, ಕೊಡಲಿಯ ಪಕ್ಕ ಇದನ್ನೂ ಇಟ್ಟು ಪೂಜೆ ಮಾಡಿದ್ದಳು. ಅಡ್ಡಹಿಡಿಯ ಸಂದಿನಲ್ಲಿ ಕುಂಕುಮ ಇನ್ನೂ ಕೂತಿತ್ತು. ಒರೆಸಲೋ ಬಿಡಲೋ ಎಂದು ಕೇಳಿದರೆ, ‘ಬಿಡ್ರಿ, ಅವ್ವ ಬೈತಾಳ’ ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ಎಲ್ ಸಿದ್‌ನದು ಎನ್ನುವ ‘ಟಿಝೋನಾ’ ಖಡ್ಗಕ್ಕೆ 2007ರಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರವೇ 16 ಲಕ್ಷ ಯೂರೊ ಕೊಟ್ಟಿತು, ಈಗ ಅದು ಬುರ್ಗೋಸ್ ಮ್ಯೂಸಿಯಮ್ಮಿನಲ್ಲಿದೆ. ಅದು ಅವನದು ಹೌದೋ ಅಲ್ಲವೋ ಎಂದು ತಜ್ಞರಲ್ಲೇ ತಕರಾರು. ಅವರಿಗಿಂತ ಅಜ್ಜಿಯೇ ಮೇಲು, ಯಾರದೆಂದು ಕೇಳದೆ ಕೈಮುಗಿದಳು.

ನಗು ನಿಲ್ಲಿಸಿದವನು ಒಬ್ಬ ಹುಡುಗ. ಖಡ್ಗ ತಿರುವಿ ತಿರುವಿ ನೋಡಿ, ‘ಅಣ್ಣಾ, ಇದಕ್ಕ ಸಾಣಿ ಹಿಡಿಸಿ ಕೊಡ್ತೀಯೇನು?’ ಅಂದ. ‘ಇಲ್ಲಪಾ, ಕೇಸಾಗ್ತೈತಿ’ ಅಂದೆ. ತಲವಾರಿನಲ್ಲಿ ಕೇಕ್ ಕತ್ತರಿಸಿ ಆಯುಧ ಕಾಯ್ದೆಯಲ್ಲಿ ಸಿಕ್ಕಿಕೊಂಡವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ; ನಾನು ಹೇಳಿದ್ದು ಸರಿಯೇ. ಹುಡುಗ ಹೋದ. ರಾತ್ರಿ ಮಾತ್ರ ಬೇರೆಯದೇ ತಲೆಗೆ ಬಂತು. ರಾಯಣ್ಣ ಕಂಪನಿ ಸರ್ಕಾರದ ಕಚೇರಿ ಸುಟ್ಟವನು, ಖಜಾನೆ ಲೂಟಿ ಮಾಡಿದವನು. ಅವನ ಖಡ್ಗಕ್ಕೆ ಧಾರೆಯಿತ್ತು. 1830ರಲ್ಲಿ ಅವನೇ ನನ್ನ ಅಂಗಡಿಗೆ ಬಂದು ಸಾಣೆ ಹಿಡಿಸಿಕೊಡು ಎಂದಿದ್ದರೆ ನನ್ನ ಬಾಯಿಂದ ಬರುತ್ತಿದ್ದ ಮಾತು ಅದೇ: ಕೇಸಾಗ್ತೈತಿ. ಅದೇ ವರ್ಷ ಅವನನ್ನು ಮೋಸದಿಂದ ಹಿಡಿದುಕೊಟ್ಟವರೂ ಆ ಸೀಮೆಯವರೇ. ಆ ಕಥೆ ಕೇಳುವಾಗಲೆಲ್ಲ ಹಿಡಿದುಕೊಟ್ಟವರ ಸಾಲಿನಲ್ಲಿ ನಾನಿಲ್ಲ ಎಂದು ಧೈರ್ಯವಾಗಿ ಕೂತಿರುತ್ತಿದ್ದೆ. ಅವನಿಗೆ ಅನ್ನ ಹಾಕಿದವರ ಸಾಲಿನಲ್ಲಂತೂ ಇರುತ್ತಿರಲಿಲ್ಲ. ನನಗೆ ಶೌರ್ಯ ಹಿಡಿಸುವುದು ಅದು ಮೊಂಡಾದ ಮೇಲೆ, ಮಖಮಲ್ಲು ಸುತ್ತಿದ ಮೇಲೆ.

ಗಿರಾಕಿಗಳು ಹೋದ ಮೇಲೆ ನಗುತ್ತಿದ್ದೆನಲ್ಲ, ಆ ನಗುವಿನಲ್ಲಿ ಹೊಟ್ಟೆಕಿಚ್ಚೂ ಇತ್ತು. ಅದು ಗೊತ್ತಾದದ್ದು ಮಸ್ಕಿಯಲ್ಲಿ. ಆ ಊರಿನ ಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಶಾಸನವಿದೆ. ದೇವಾನಾಂಪ್ರಿಯನೆಂದರೆ ಅಶೋಕ ಎಂದು ಗಟ್ಟಿಮಾಡಿದ್ದು ಅದೇ. ಒಳ್ಳೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಸಿಕ್ಕೀತು ಎನ್ನುವುದು ಅದರ ತಾತ್ಪರ್ಯ. ಸಣ್ಣವನಾದ ನನಗೆ ಆ ಊರಿನಲ್ಲಿ ಸಿಕ್ಕಿದ್ದು ಸನ್ಮಾನ. ವೇದಿಕೆಗೆ ಕರೆದು ಪೇಟ ಸುತ್ತಿ, ಕೈಗೆ ಖಡ್ಗ ಕೊಟ್ಟರು. ಹಿಂದಿನ ವಾರ ನಾನೇ ಉದ್ರಿ ಕೊಟ್ಟ ನಾಲ್ಕು ಫೂಟಿನದು; ನಟ್ಟು ಬಿಗಿ ಮಾಡಿದವನೂ ನಾನೇ. ಆದರೂ ಎತ್ತಿ ಹಿಡಿದಾಗ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಫೋಟೊದವ ‘ಇನ್ನೊಮ್ಮೆ ಸರ’ ಅಂದ, ಇನ್ನೂ ಮೇಲಕ್ಕೆತ್ತಿದೆ. ಬೀಸಿದೆ ಕೂಡ.

ಸಂಘಟಕರಿಂದ ಆ ಖಡ್ಗದ ಬಾಕಿ ಇನ್ನೂ ಬಂದಿಲ್ಲ. ಕೇಳೋಣವೆಂದರೆ ಮಾಲು ನನ್ನ ಮನೆಯಲ್ಲೇ ಇದೆ.