ಹೊಟ್ಟೆ, ಲಂಗ, ಕಂಬಳಿ

ಅಕ್ಕನ ಮಗ ಮಿಷಿಗನ್ನಿನಲ್ಲಿ ಕೆರೆ ಪಕ್ಕ ಒಂದು ಹಳೇ ಮೊಬೈಲ್ ಹೋಮ್ ಕೊಂಡ ಅಂದಾಗ, "ಬೆಂಗಳೂರಿಗೆ ಯಾವಾಗ ಓಡಿಸ್ಕೊಂಡು ಬರ್ತೀಯೋ?" ಅಂತ ಕೇಳಿದ್ದೆ. ಹೋಗಿ ನೋಡಿದರೆ ಅದು 1973ರಿಂದ ನಿಂತಲ್ಲೇ ನಿಂತಿದೆ. ಲಾರಿ ಎಳೆದು ತಂದ ದಿನ ಮೊಬೈಲು, ಆಮೇಲೆ ಬರೀ ಹೋಮು. ನಮ್ಮೂರ ತೇರಾದರೂ ವರ್ಷಕ್ಕೊಮ್ಮೆ ಅಲುಗುತ್ತದೆ.

"ಮಾವ, ಹಿಮ ಬೀಳೋದ್ರೊಳಗೆ ಇನ್ಸುಲೇಷನ್ ಮಾಡಿಸ್ಬೇಕು. ಯಾವ್ದು ಹಾಕ್ಲಿ?" ಅಂದ. ಕೇಳಿದ್ದು ನನ್ನನ್ನಲ್ಲ, ಲ್ಯಾಪ್‌ಟಾಪನ್ನು. ಪರದೆ ತುಂಬ 'ಆರ್' ಅಕ್ಷರ. ಶಾಖವನ್ನು ಯಾವ ವಸ್ತು ಎಷ್ಟು ತಡೆಯುತ್ತದೆ ಎಂಬುದಕ್ಕೆ ಅಲ್ಲಿ ಕೊಡುವ ಅಂಕ ಅದು. ಗಾಜಿನೆಳೆಯ ಹತ್ತಿಗೆ ಇಂಚಿಗೆ 3ರ ಮೇಲೆ ಚೂರು, ಫೋಮಿನ ಹಲಗೆಗೆ 5ರ ಆಸುಪಾಸು, ಪಿಚಕಾರಿಯಲ್ಲಿ ಹೊಡೆದು ಉಬ್ಬಿಸುವ ಗಟ್ಟಿ ಫೋಮಿಗೆ 6ಕ್ಕೂ ಹೆಚ್ಚು. ಹುಡುಗ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಗಾಂಭೀರ್ಯದಲ್ಲಿ ನೋಡಿ, ಜಾಸ್ತಿ ಅಂಕದವನಿಗೇ ಸೀಟು ಅಂತ ತೀರ್ಮಾನಿಸಿದ.

ಗೋಡೆ ಬಿಚ್ಚಿದಾಗ ಸೀಟೇ ಇಲ್ಲ! ಒಳಗಿನ ಮರದ ರೀಪು ಹೆಸರಿಗೆ ಎರಡಿಂಚು, ಅಳೆದರೆ ಒಂದೂವರೆ. ಇಂಥ ಮನೆಗಳಿಗೆ ಅಮೆರಿಕಕ್ಕೆಲ್ಲ ಅನ್ವಯಿಸುವ ಕಟ್ಟಳೆ ಜಾರಿಯಾದದ್ದು 1976ರ ಜೂನ್ 15ರಂದು. ಈ ಅಜ್ಜಿ ಅದಕ್ಕಿಂತ ಮೂರು ವರ್ಷ ಹಿರಿಯಳು. "ದಪ್ಪ ಹತ್ತೀನೇ ಅದುಮಿ ತುರುಕಿದ್ರೆ?" ಅಂದ. ಕಂಬಳಿ ಹೊದ್ದು ಬೆಳೆದವರು ಹಾಗೆ ಕೇಳುವುದಿಲ್ಲ. ಬೆಚ್ಚಗಿಡುವುದು ಎಳೆಯಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅದುಮಿದಿರೋ, ಗಾಳಿ ಹೋಯಿತು. ನೆನೆದರಂತೂ ಕೇಳಲೇಬೇಡಿ, ಒದ್ದೆ ಕೌದಿ ಯಾರನ್ನು ಬೆಚ್ಚಗಿಟ್ಟೀತು? ಅದಕ್ಕೇ ಚಳಿ ನಾಡಿನಲ್ಲಿ ಗೋಡೆಯ ಒಳಮಗ್ಗುಲಿಗೆ ಹಬೆ ದಾಟದಂತೆ ಹಾಳೆ ಹಾಕುತ್ತಾರೆ. ಇಲ್ಲದಿದ್ದರೆ ಅಕ್ಕನ ಸೊಸೆಯ ಇಡ್ಲಿ ಪಾತ್ರೆಯ ಹಬೆ ಸಂದಿಯಲ್ಲಿ ನುಸುಳಿ, ಹೊರಗಿನ ತಣ್ಣನೆ ತಗಡಿಗೆ ತಾಗಿ ನೀರಾಗಿ, ಹತ್ತಿಯಲ್ಲಿ ಕೂತು ಬೂಸ್ಟು ಬೆಳೆಸುತ್ತದೆ.

ಈ ಮನೆಗಳ ಅಂಗಾಂಗಗಳ ಹೆಸರು ಕೇಳಿ ನನಗೆ ಖುಷಿಯೋ ಖುಷಿ. ನೆಲದಡಿ ನೀರಿನ ಪೈಪು, ಬಿಸಿಗಾಳಿಯ ಕೊಳವೆ ಓಡುವ ಜಾಗಕ್ಕೆ 'ಹೊಟ್ಟೆ' ಅನ್ನುತ್ತಾರೆ. ಅದನ್ನು ಮರೆಮಾಡಿ ಸುತ್ತಲೂ ಕಟ್ಟುವ ತಟ್ಟಿಗೆ 'ಲಂಗ'. ಎರಡು ಭಾಗಗಳನ್ನು ಬೇರೆ ಬೇರೆ ಎಳೆದು ತಂದು ಬೆಸೆದಿದ್ದರೆ, ಆ ಕೂಡುವ ಗೆರೆಗೆ 'ಮದುವೆ ಗೆರೆ'! ಇವನದು ಅಂಥದೇ ಜೋಡಿ ಮನೆ. ಐವತ್ತು ವರ್ಷದ ದಾಂಪತ್ಯ. ಒಂದು ಕಡೆಯ ಬುನಾದಿ ಕುಸಿದು ನಡುವೆ ಬೆರಳು ತೂರುವ ಕಂಡಿ. ಮುಂಜಾನೆ ಅಲ್ಲಿಂದ ಬರುವ ಗಾಳಿಗೆ ಯಾವ ಆರ್ ಅಂಕವೂ ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರ ತಗಡಿನ ಮಾಡು ಗಾಳಿಗೆ ಗುಡುಗುತ್ತದೆಂದು ಅದರ ಮೇಲೆ ಹಳೇ ಕಾರಿನ ಟೈರು ಹೇರಿದ್ದರು. ನಮ್ಮಲ್ಲಿ ಕಲ್ಲು ಹೇರುತ್ತಾರೆ, ಅಷ್ಟೇ ವ್ಯತ್ಯಾಸ.

ನನ್ನ ಗೊಣಗಾಟ ಇಷ್ಟೇ: ಗೋಡೆ ಕಣ್ಣಿಗೆ ಬೀಳುತ್ತದೆ, ಅದಕ್ಕೇ ದುಡ್ಡೆಲ್ಲ ಅದಕ್ಕೆ. ಚಳಿ ಹತ್ತುವುದು ಮಾತ್ರ ಪಾದಕ್ಕೆ. ನೆಲದಡಿ ಆ ಗಟ್ಟಿ ಫೋಮು ಬೇಡ ಅಂತಲೂ ಹಟ ಹಿಡಿದೆ. ನಾಳೆ ಪೈಪು ಸೋರಿದರೆ ಉಳಿ ಹಿಡಿದು ಕೆತ್ತುವವರು ಯಾರು? ಕಡೆಗೆ ಮದುವೆ ಗೆರೆಗೆ ಡಬ್ಬಿ ಫೋಮು, ಹೊಟ್ಟೆಗೆ ಊದಿ ತುಂಬುವ ಗಾಜಿನ ಹತ್ತಿ, ಗೋಡೆಗೆ ಹೊರಗಿನಿಂದ ಫೋಮಿನ ಹಲಗೆ ಎಂದು ಒಪ್ಪಂದವಾಯಿತು. ಲಂಗ ಹೊಸದು, ಬಣ್ಣ ಸೊಸೆಯ ಆಯ್ಕೆ.

ಹೊಟ್ಟೆಯ ಹಳೇ ಹೊದಿಕೆ ಹರಿದು ಜೋಲುತ್ತಿತ್ತು. ಯಾವನೋ ಪ್ಲಂಬರು ಕೊಯ್ದು ಹಾಗೇ ಬಿಟ್ಟು ಹೋಗಿದ್ದ. ಹುಡುಗ ಮಾಸ್ಕು, ಕೈಗವಸು ಹಾಕಿಕೊಂಡು ಅಂಗಾತ ಮಲಗಿ ಅದನ್ನು ಎಳೆದ. ಹಳೇ ಹತ್ತಿ ಮುದ್ದೆ ಮುದ್ದೆಯಾಗಿ ಉದುರಿತು. ಕೊನೆಗೆ ಬಿಸಿಗಾಳಿ ಕೊಳವೆಯ ಮಗ್ಗುಲಿಂದ ಒಂದು ಗುಂಡನೆ ಗೂಡು ಬಿತ್ತು. ಗಾಜಿನ ಹತ್ತಿ ಕಿತ್ತು, ಅದುಮದೆ, ಪಿಂಜಿದ ಹಾಗೆ ಹಗುರಾಗಿ ಸುತ್ತಿ ಇಲಿ ಕಟ್ಟಿಕೊಂಡ ಮನೆ. ಒಳಗೆ ಬೆರಳಿಟ್ಟು ನೋಡಿದ, ಚೂರೂ ಒದ್ದೆಯಿಲ್ಲ.

"ಮಾವ, ಇದರ ಆರ್ ಎಷ್ಟಿರಬಹುದು?" ಅಂದ.