ಗಾಳಿಯೇ ಗುಡ್ಡ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರು ಬಯಲಿನವರೇ ಇರಬೇಕು. ಬೆಟ್ಟದ ಬುಡದಲ್ಲೇ ಇದ್ದವರಿಗೆ ಅದು ಬೇಕಾಗಿಯೇ ಇರಲಿಲ್ಲ. ಆದರೆ ಇದೇ ಗಾದೆ ಹೇಳಿ ಬಯಲಿನ ಸೈಕಲ್ ಸವಾರರನ್ನು ಹೆದರಿಸುವವರು ಒಮ್ಮೆ ಫ್ರಾನ್ಸಿನ ಆಲ್ಪ್ ದುಯೆಜ್ ಏರಿನ ಚರಿತ್ರೆ ನೋಡಬೇಕು. 13.8 ಕಿ.ಮೀ. ಉದ್ದ, 21 ಹೇರ್‌ಪಿನ್ ತಿರುವು, ಸರಾಸರಿ ಶೇ. 8ರ ಏರು. 1976ರಿಂದ 1989ರೊಳಗೆ ಟೂರ್ ದ ಫ್ರಾನ್ಸ್‌ನಲ್ಲಿ ಈ ಏರನ್ನು ಎಂಟು ಸಲ ಗೆದ್ದವರು ನೆದರ್ಲೆಂಡ್ಸ್‌ನವರು. ಝೂಟೆಮೆಲ್ಕ್, ಕೈಪರ್, ವಿನ್ನೆನ್ ತಲಾ ಎರಡು ಸಲ. ರೂಕ್ಸ್, ಟ್ಯೂನಿಸ್ಸೆ ಒಂದೊಂದು ಸಲ. (1978ರದ್ದು ಮಾತ್ರ, ಮೊದಲು ಬಂದವನು ಮೂತ್ರಪರೀಕ್ಷೆಯಲ್ಲಿ ಮೋಸ ಮಾಡಹೋಗಿ ಸಿಕ್ಕಿಬಿದ್ದದ್ದರಿಂದ ದಕ್ಕಿದ ಗೆಲುವು.) ಅವರ ನಾಡಿನ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಯುರೋಪಿನಲ್ಲಿರುವ ಅದರ ನೆಲದಲ್ಲಿ ಅತಿ ಎತ್ತರದ ಫಾಲ್ಸರ್‌ಬೆರ್ಗ್ 322 ಮೀಟರ್ ಅಷ್ಟೆ. ಅವರೇನು ಮನೆಯಂಗಳದಲ್ಲೇ ತಯಾರಾದವರಲ್ಲ, ಯುರೋಪಿನ ಬೆಟ್ಟಗಳಲ್ಲೆಲ್ಲ ಸ್ಪರ್ಧಿಸಿ ಪಳಗಿದವರು ಎಂಬ ಆಕ್ಷೇಪ ನಿಜವೇ. ಆದರೂ ಬೆಟ್ಟಕ್ಕೆ ಹೋಗುವ ಮೊದಲೇ ಅವರ ಕಾಲಿಗೆ ಏನೋ ಒಂದು ಕೂಡಿಬಂದಿತ್ತಲ್ಲ, ಅದು ಎದುರುಗಾಳಿ ಎಂಬುದು ನನ್ನ ವಾದ.

ಲೆಕ್ಕ ಸರಳ. ಸವಾರ, ಸೈಕಲ್ ಸೇರಿ 80 ಕಿಲೋ ಎನ್ನೋಣ. ಶೇ. 8ರ ಏರಿನಲ್ಲಿ ಗಂಟೆಗೆ 12 ಕಿ.ಮೀ. ಹೋಗಲು ಸುಮಾರು 230 ವ್ಯಾಟ್ ಬೇಕು. ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ ಅಷ್ಟೇ ಶಕ್ತಿಗೆ ಸೈಕಲ್ಲು 36 ಕಿ.ಮೀ. ವೇಗದಲ್ಲಿ ಓಡುತ್ತದೆ, ಎದುರಿಗೆ 25 ಕಿ.ಮೀ. ವೇಗದ ಗಾಳಿ ಬೀಸಿದರೆ ಅದು 22ಕ್ಕೆ ಇಳಿಯುತ್ತದೆ. ಕಾಲಿಗೂ ಎದೆಗೂ ಲೆಕ್ಕಕ್ಕೆ ಬರುವುದು ವ್ಯಾಟು. ಅದನ್ನು ನುಂಗಿದ್ದು ಗುಡ್ಡವೋ ಗಾಳಿಯೋ ಎಂದು ಅವು ಕೇಳುವುದಿಲ್ಲ. ಗುಡ್ಡದ ನಿಜವಾದ ಕ್ರೌರ್ಯ ಇರುವುದು ಬಿಡುವು ಕೊಡದಿರುವುದರಲ್ಲಿ: ಪೆಡಲ್ ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತದೆ. ಸಪಾಟು ನೆಲದಲ್ಲಿ ಆ ಗುಣ ಸ್ವಲ್ಪವಾದರೂ ಇರುವುದು ಎದುರುಗಾಳಿಗೇ. ಗುಡ್ಡದ ಬದಲು ಫ್ಲೈಓವರನ್ನು ಹತ್ತಿ ಇಳಿಯುವವರಿಗೆ ನಿಮಿಷಕ್ಕೊಮ್ಮೆ ವಿಶ್ರಾಂತಿ ಸಿಗುತ್ತದೆ, ಒಂದು ಗಂಟೆಯ ಏರು ಅರವತ್ತು ಫ್ಲೈಓವರುಗಳ ಮೊತ್ತವಲ್ಲ. ಸೈಕಲ್ ಪಟುಗಳ ತವರೆನಿಸಿದ ವಿಜಯಪುರ, ಬಾಗಲಕೋಟೆಯ ಬಯಲನ್ನು ಆಷಾಢದಲ್ಲಿ ಪಡುವಲಿಗೆ ಮುಖಮಾಡಿ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ: ಗಾಳಿಗೆ ತಲೆ ತಗ್ಗಿಸಬಾರದು. ಕೈಗಳನ್ನು ಹ್ಯಾಂಡಲ್ಲಿನ ಮೇಲ್ಭಾಗದಲ್ಲಿಟ್ಟು, ಎದೆ ತೆರೆದು, ಭಾರದ ಗೇರಿನಲ್ಲಿ ನಿಮಿಷಕ್ಕೆ ಅರವತ್ತು ಸುತ್ತಿನಂತೆ ತುಳಿಯಬೇಕು. ಬಗ್ಗಿ ನುಸುಳುವುದು ವೇಗಕ್ಕೆ ಒಳ್ಳೆಯದು, ತಾಲೀಮಿಗೆ ಕಳ್ಳತನ. ಹೀಗೆ ಅರ್ಧ ಗಂಟೆ ಕಳೆದಾಗ ತೊಡೆಯೊಳಗೆ ಹುಟ್ಟುವ ಹದವಾದ ಉರಿ, ಉಸಿರಿಗೂ ಪೆಡಲಿಗೂ ಬೀಳುವ ತಾಳ, ಇವು ಈ ಹವ್ಯಾಸದ ರುಚಿ. ಗಾಳಿಯನ್ನು ಬೈಯುವವರು ಈ ರುಚಿಯನ್ನು ಹಿಂದೆ ಬಿಟ್ಟು ಹೋಗುತ್ತಾರೆ.

ಗಾಳಿ ಎಲ್ಲವನ್ನೂ ಕಲಿಸದು, ಒಪ್ಪುತ್ತೇನೆ. ಅದು ಮೈತೂಕವನ್ನು ಕ್ಷಮಿಸುತ್ತದೆ, ಗುಡ್ಡ ಕ್ಷಮಿಸುವುದಿಲ್ಲ. ಒಂದು ಗಂಟೆಯ ಏರಿನಲ್ಲಿ ಹೆಚ್ಚುವರಿ ಒಂದು ಕಿಲೋ ಸುಮಾರು 40 ಸೆಕೆಂಡು ತಿನ್ನುತ್ತದೆ. ಬಯಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಮನೆಯೊಳಗಿನ ಟ್ರೇನರಿಗೆ ಕೂರಿಸಿದ ಸೈಕಲ್ಲಿನ ಮುಂದಿನ ಚಕ್ರವನ್ನು ಒಂದು ಇಟ್ಟಿಗೆಯ ಮೇಲೇರಿಸಿದರೆ ಕೂರುವ ಭಂಗಿಯ ಕೊರತೆಯೂ ಒಂದಷ್ಟು ತುಂಬೀತು, ಸೆಖೆಯನ್ನು ಸಹಿಸುವುದಾದರೆ. 1989ರ ಬಳಿಕ ಡಚ್ ಪುರುಷರು ಆಲ್ಪ್ ದುಯೆಜ್ ಏರನ್ನು ಮತ್ತೆ ಗೆದ್ದಿಲ್ಲ, ಗಾಳಿ ಅವರ ನಾಡಿನಲ್ಲಿ ಈಗಲೂ ಬೀಸುತ್ತಿದೆಯಲ್ಲ ಎಂದು ಯಾರಾದರೂ ಚುಚ್ಚಬಹುದು. ಆದರೆ 2024ರಲ್ಲಿ ಮಹಿಳೆಯರ ಟೂರ್ ಅದೇ ಏರಿನ ಮೇಲೆ ಮುಗಿದಾಗ ಮೊದಲು ತಲುಪಿದವರು ಡಚ್ಚರೇ ಆದ ಡೆಮಿ ವೊಲರಿಂಗ್. ಗಾಳಿ ಗೆಲುವನ್ನು ಕೊಡುತ್ತದೆಂದು ನಾನು ಹೇಳುತ್ತಿಲ್ಲ, ಬಯಲು ಅಡ್ಡಿಯಲ್ಲ ಎಂದಷ್ಟೇ. ಉತ್ತರವಿಲ್ಲದ ಆಕ್ಷೇಪ ಒಂದೇ: ಇಳಿಜಾರು. ತಿರುವಿಗೆ ಮೊದಲೇ ಬ್ರೇಕು ಮುಗಿಸಿ, ಹೊರಗಿನ ಪೆಡಲನ್ನು ಕೆಳಕ್ಕೊತ್ತಿ, ಕಣ್ಣನ್ನು ತಿರುವಿನಾಚೆ ಕಳಿಸುವುದನ್ನು ಯಾವ ಗಾಳಿಯೂ ಕಲಿಸದು. ಅದಕ್ಕೆ ಬಸ್ಸಿನ ಮೇಲೆ ಸೈಕಲ್ಲು ಹೇರಿಕೊಂಡು ಘಟ್ಟಕ್ಕೇ ಹೋಗಬೇಕು.