ಚಕ್ಕುಬಂದಿಯೊಳಗಿನ ಮುತ್ತಾತ

ನಮ್ಮ ವಂಶದಲ್ಲಿ ಕೆರೆ ಕಟ್ಟಿಸಿದವರಿಲ್ಲ, ಶಾಸನ ಬರೆಸಿದವರಿಲ್ಲ, ದರ್ಬಾರಿನಲ್ಲಿ ಶಾಲು ಹೊದಿಸಿಕೊಂಡವರೂ ಇಲ್ಲ. ತುಮಕೂರು ಸೀಮೆಯ ಕೆಂಪು ನೆಲದಲ್ಲಿ ರಾಗಿ, ಹುರುಳಿ, ಹರಳು ಬೆಳೆದು, ಮಳೆ ಬಂದ ವರ್ಷ ಉಂಡು, ಬಾರದ ವರ್ಷ ಸಾಲ ಮಾಡಿ ಬದುಕಿದವರು. ಇಂಥವರ ಗುರುತು ಕಾಗದದ ಮೇಲೆ ಉಳಿದಿರುತ್ತದೆಯೇ ಎಂದು ಬಹಳ ಜನ ನನ್ನನ್ನು ಕೇಳಿದ್ದಾರೆ. ಉಳಿದಿರುತ್ತದೆ. ಸರ್ಕಾರಕ್ಕೆ ಕಂದಾಯ ಬೇಕಿತ್ತು, ಸಾಹುಕಾರನಿಗೆ ಅಡವು ಬೇಕಿತ್ತು, ನ್ಯಾಯಾಲಯಕ್ಕೆ ಸಾಕ್ಷಿ ಬೇಕಿತ್ತು. ಅವರು ಏನಾದರೂ ಕೊಡಬೇಕಾಗಿ ಬಂದಾಗಲೆಲ್ಲ ಯಾರೋ ಒಬ್ಬರು ಅವರ ಹೆಸರು ಬರೆದುಕೊಂಡಿದ್ದಾರೆ. ಆ ಬರಹದ ಸಂದಿಗೊಂದಿಗಳಲ್ಲಿ ಅವರ ಬದುಕನ್ನು ಹುಡುಕುವುದು ಕೆಲವು ವರ್ಷಗಳಿಂದ ನನಗೆ ಮನಸ್ಸಿಗೆ ಹತ್ತಿರವಾದ ಕೆಲಸ.

ಹುಡುಕಾಟ ಶುರುವಾಗುವುದು ಇವತ್ತಿನ ಪಹಣಿಯಿಂದ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ಬೇಕೆಂದರೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಹಾಕಬೇಕು. ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಎಂದು ಹಿಂದೆ ಹಿಂದೆ ಹೋದಂತೆ ತಲೆಮಾರುಗಳೂ ಹಿಂದೆ ಸರಿಯುತ್ತವೆ. ಹಳೇ ಮೈಸೂರಿನಲ್ಲಿ ಹೊಲಗಳನ್ನು ಅಳೆದು ನಂಬರು ಕೊಡುವ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಈ ಕಾಗದಗಳಲ್ಲಿ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. 'ತಿಮ್ಮಯ್ಯ ಬಿನ್ ರಂಗಯ್ಯ' ಆದಮೇಲೆ 'ರಂಗಯ್ಯ ಬಿನ್ ತಿಮ್ಮಯ್ಯ', ಅವನಾದಮೇಲೆ ಮತ್ತೆ 'ತಿಮ್ಮಯ್ಯ ಬಿನ್ ರಂಗಯ್ಯ'. ಅರವತ್ತು ವರ್ಷದ ಅಂತರದಲ್ಲಿ ಬದುಕಿದ ಇಬ್ಬರು ಕಾಗದದಲ್ಲಿ ಒಬ್ಬನೇ ಮನುಷ್ಯನಂತೆ ಕಾಣುತ್ತಾರೆ. ಇದು ಶ್ಯಾನುಭೋಗರಿಗೂ ಗೊತ್ತಿತ್ತು. ಅದಕ್ಕೇ ದೊಡ್ಡ, ಸಣ್ಣ, ಕುಂಟ, ಬಾವಿಮನೆ ಎಂದು ಹೆಸರಿನ ಹಿಂದೆ ಗುರುತು ಸೇರಿಸುತ್ತಿದ್ದರು. ಆದರೆ ಹೊಲ ಇದ್ದಲ್ಲೇ ಇರುತ್ತದೆ. ಸರ್ವೆ ನಂಬರು ಹಿಡಿದು ಹೋದರೆ ಮನುಷ್ಯ ಸಿಗುತ್ತಾನೆ.

ಮ್ಯುಟೇಶನ್ ರಿಜಿಸ್ಟರಿನಲ್ಲಿ 'ಪೌತಿ' ಎಂದು ಬರೆದ ಪ್ರತಿ ಸಾಲಿನ ಹಿಂದೆ ಒಂದು ಸಾವಿದೆ. ಅಪ್ಪ ಸತ್ತು ಮಕ್ಕಳ ಹೆಸರಿಗೆ ಖಾತೆ ಆದ ಸಾಲು ಅದು. ಅದರ ಪಕ್ಕದ ತಾರೀಖನ್ನು ಸತ್ತ ದಿನವೆಂದು ತಿಳಿಯಬಾರದು. ತಾತ ಕಣ್ಮುಚ್ಚಿ ಮೂವತ್ತು ವರ್ಷವಾದರೂ ಖಾತೆ ಅವನ ಹೆಸರಿನಲ್ಲೇ ಇರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಸಾಲವೋ, ಪಾಲುಪಾರಿಕತ್ತೋ, ಜಗಳವೋ ಎದುರಾದಾಗ ಮಾತ್ರ ಪೌತಿ ಖಾತೆಯ ನೆನಪಾಗುತ್ತದೆ.

ಇನ್ನು ಕಾಲದ ಲೆಕ್ಕ. ನಮ್ಮ ಹಿರಿಯರಲ್ಲಿ ಇಸವಿ ಹೇಳಿದವರು ಕಡಿಮೆ. ಸಂವತ್ಸರ ಹೇಳುತ್ತಿದ್ದರು, ಅಥವಾ ಊರನ್ನು ನಡುಗಿಸಿದ ಒಂದು ಘಟನೆ ಹೇಳುತ್ತಿದ್ದರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1876 ಧಾತು, 1936 ಕೂಡ ಧಾತು. ಯಾವ ಧಾತು ಎಂದು ಗೊತ್ತುಮಾಡಿಕೊಳ್ಳಲು ಘಟನೆಯೇ ಬೇಕು. 'ಧಾತು ಈಶ್ವರ ಬರದಲ್ಲಿ ಹುಟ್ಟಿದವನು' ಎಂದರೆ ಅನುಮಾನವಿಲ್ಲ. ಅದು 1876ರಿಂದ 78ರವರೆಗಿನ ದೊಡ್ಡ ಬರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇವತ್ತು ನಮ್ಮಲ್ಲಿ ಯಾರೇ ಆಗಲಿ ಉಸಿರಾಡುತ್ತಿದ್ದರೆ, ಆ ಎರಡು ವರ್ಷ ಏನೋ ತಿಂದು ಜೀವ ಉಳಿಸಿಕೊಂಡ ಒಬ್ಬಳು ತಾಯಿ, ಒಬ್ಬ ತಂದೆ ಇದ್ದಾರೆ ಎಂದೇ ಅರ್ಥ. ಆಮೇಲೆ 1898ರ ಪ್ಲೇಗು. ಇಲಿ ಬಿದ್ದರೆ ಊರಿಗೆ ಊರೇ ಖಾಲಿಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ. ಅದಾದ ಇಪ್ಪತ್ತು ವರ್ಷಕ್ಕೆ ಇನ್‌ಫ್ಲುಯೆಂಜಾ. ಶಾಲೆಗೆ ಸೇರುವಾಗ ಮೇಷ್ಟ್ರು ಹಾಕಿದ ಜೂನ್ 1ರ ಜನ್ಮದಿನಕ್ಕಿಂತ ಈ ಬರ, ಪ್ಲೇಗುಗಳ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ನನ್ನ ಮುತ್ತಾತ ಹತ್ತಿರದಿಂದ ಕಂಡದ್ದು ಒಂದು ಭೋಗ್ಯಪತ್ರದಲ್ಲಿ. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿಯಾದ ಸ್ಥಿರಾಸ್ತಿ ಪತ್ರಗಳನ್ನು ಗುಮಾಸ್ತರು 1ನೇ ಪುಸ್ತಕಕ್ಕೆ ಕೈಬರಹದಲ್ಲಿ ನಕಲು ಮಾಡಿಡುತ್ತಿದ್ದರು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಆ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇದು ನಮ್ಮ ಜನರಲ್ಲಿ ಬಹುಪಾಲು ಮಂದಿಗೆ ತಿಳಿದಿಲ್ಲ, ತಿಳಿದಿರಬೇಕು. ಪತ್ರದ ಕಾಲ ಕಾಳಯುಕ್ತಿ ಸಂವತ್ಸರದ ಪುಷ್ಯ ಮಾಸ, ಅಂದರೆ 1919ರ ಜನವರಿ. 75 ರೂಪಾಯಿಗೆ 2 ಎಕರೆ 17 ಗುಂಟೆ ಖುಷ್ಕಿ ಜಮೀನನ್ನು ಸ್ವಾಧೀನ ಸಹಿತ ಬರೆದುಕೊಟ್ಟಿದ್ದಾನೆ. ಚಕ್ಕುಬಂದಿ ಎಷ್ಟು ಚೊಕ್ಕಟವಾಗಿದೆಯೆಂದರೆ ಈಗಲೂ ಅದನ್ನು ಹಿಡಿದು ಆ ಹೊಲದಲ್ಲಿ ನಿಲ್ಲಬಹುದು: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ತಳವಾರಿಕೆ ಮಾನ್ಯದ ಹೊಲ, ದಕ್ಷಿಣಕ್ಕೆ ಹುಣಸೆಮರ ಸೇರಿದ ಬದು. ಪತ್ರ ಬರೆದವರ ಹೆಸರಿನ ಮುಂದೆ 'ಬಿಕ್ಕಲಂ' ಎಂದಿದೆ. ಮುತ್ತಾತನ ರುಜುವಿನ ಜಾಗದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು ಇತ್ತೆಂದು ಗುಮಾಸ್ತರು ಅಕ್ಷರದಲ್ಲಿ ಬರೆದಿದ್ದಾರೆ. ಅವನ ಬೆರಳಿನ ಗೆರೆ ನನಗೆ ಕಾಣಲಿಲ್ಲ.

ಸಾಲದ ಕಾರಣ ಒಂದೇ ಸಾಲಿನಲ್ಲಿದೆ: ನನ್ನ ಹೆಂಡತಿಯ ಉತ್ತರಕ್ರಿಯೆ ಬಾಬ್ತು ಆದ ಕೈಸಾಲ ತೀರಿಸುವ ಬಗ್ಗೆ.

1918ರ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಪತ್ರದಲ್ಲಿ ಜ್ವರದ ಮಾತಿಲ್ಲ. ನಮ್ಮ ಮನೆಯ ಮಾತಿನಲ್ಲಿ ಇದೆ: ದೀಪಾವಳಿ ಕಳೆದ ಮೇಲೆ ಒಂದೇ ವಾರದಲ್ಲಿ ಅತ್ತೆಯೂ ಸೊಸೆಯೂ ಹೋದರಂತೆ, ಎಂಟು ವರ್ಷದ ನಮ್ಮ ತಾತನಿಗೆ ಗಂಜಿ ಕಾಯಿಸಿಕೊಡುವವರೂ ಇರಲಿಲ್ಲವಂತೆ. ಆ ಮಾತನ್ನೂ ಈ ಪತ್ರವನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ಅವನ ಸಂಕಟ ತಿಳಿಯಿತು. ಹೆಂಡತಿಯ ತಿಥಿಗೆ ಊರವರಿಗೆ ಊಟ ಹಾಕಲು ಕೈಸಾಲ, ಆ ಕೈಸಾಲ ತೀರಿಸಲು ಇದ್ದ ಒಂದು ಹೊಲ. ಹೊಲ ಮರಳಿ ಬಂದದ್ದು 1931ರಲ್ಲಿ, ಖುಲಾಸೆ ಪತ್ರವೂ ಅದೇ ಕಚೇರಿಯಲ್ಲಿದೆ. ನಡುವಿನ ಹನ್ನೆರಡು ವರ್ಷ ಅವನು ಸುಗ್ಗಿ ಮುಗಿದೊಡನೆ ಘಟ್ಟಕ್ಕೆ, ಕಾಫಿ ತೋಟಗಳ ಕೂಲಿಗೆ ಹೋಗುತ್ತಿದ್ದನಂತೆ. ಸ್ವಂತ ಹೊಲದ ಬದುವಿನ ಮೇಲೆ ನಡೆದುಕೊಂಡೇ ಹೋಗಬೇಕಿತ್ತು. ಹಳೇ ಮೈಸೂರಿನ ಬಯಲು ಸೀಮೆಯ ಸಾವಿರಾರು ಮನೆಗಳ ಕಥೆ ಇದೇ. ಇಂಥದ್ದನ್ನು ಇತಿಹಾಸವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಹುಣಸೆಮರವನ್ನು ಕೂಡ ಬಿಡದೆ ಬರೆದ ಆ ಪತ್ರದಲ್ಲಿ ಸತ್ತ ಹೆಂಗಸಿನ ಹೆಸರಿಲ್ಲ. ಕಂದಾಯದ ಕಾಗದದಲ್ಲಿ ಹೆಂಗಸು ಬರುವುದು ಗಂಡ ಸತ್ತು ಖಾತೆ ಅವಳ ಹೆಸರಿಗಾದಾಗ, ಅದೂ 'ಇಂಥವರ ಕೋಂ' ಎಂದು. ಗಂಡನಿಗಿಂತ ಮುಂಚೆ ಸತ್ತವಳಿಗೆ ಆ ಜಾಗವೂ ಇಲ್ಲ. ಸರ್ಕಾರದ ಯಾವ ಪುಸ್ತಕದಲ್ಲೂ ಮುತ್ತಜ್ಜಿ ಸಿಗಲಿಲ್ಲ. ಮನೆಯಲ್ಲಿ ಕೇಳಿದರೆ, ಅವಳು ಸಿರಾ ಕಡೆಯವಳು, ಹರಳೆಣ್ಣೆ ತೆಗೆಯುವುದರಲ್ಲಿ ಬಲು ಗಟ್ಟಿ, ಬಾಣಂತಿ ಇರುವ ಮನೆಯವರೆಲ್ಲ ಎಣ್ಣೆಗೆ ಅವಳ ಹತ್ತಿರವೇ ಬರುತ್ತಿದ್ದರು ಎಂಬಷ್ಟು ಮಾತು. ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅದು ಸಿಕ್ಕಿದ್ದು ಊರ ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ. ನಾನು ಹುಡುಕುತ್ತಿದ್ದುದು ಅಪ್ಪನ ಹೆಸರು. ಅದಕ್ಕೂ ಕೆಲವು ವರ್ಷ ಹಿಂದಿನ ಪುಟದಲ್ಲಿ ತಾತನ ಹೆಸರಿನ ಮುಂದೆ ಒಂದು ಹುಡುಗಿಯ ಹೆಸರು ಕಂಡಿತು, ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳದ ಹೆಸರು. ದೊಡ್ಡತ್ತೆಯನ್ನು ಎಲ್ಲರೂ ಪುಟ್ಟವ್ವ ಎಂದೇ ಕರೆಯುತ್ತಾರೆ, ಓಟಿನ ಚೀಟಿಯಲ್ಲೂ ಹಾಗೇ ಇದೆ. ಹೋಗಿ ಕೇಳಿದೆ. 'ಹೂಂ ಕಣಪ್ಪಾ, ಅದು ನಮ್ಮಜ್ಜಿ ಹೆಸ್ರು. ನಂಗಿಟ್ಟಿದ್ರು. ಅತ್ತೆ ಹೆಸ್ರು ಹಿಡಿದು ಕೂಗ್ಬಾರ್ದು ಅಂತ ನಮ್ಮವ್ವ ಪುಟ್ಟವ್ವ ಅಂದ್ಲು, ಅದೇ ನಿಂತ್ಕಂತು' ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ ಎಂದರೆ, ಯಾರು ಕೇಳಿದ್ರು ಎಂದರು. ಸೊಸೆಯೊಬ್ಬಳು ಗೌರವದಿಂದ ಬಾಯಿಗೆ ತರದ ಹೆಸರನ್ನು ಅಪರಿಚಿತ ಮೇಷ್ಟ್ರೊಬ್ಬರು ಶಾಯಿಯಲ್ಲಿ ಉಳಿಸಿಕೊಟ್ಟಿದ್ದರು. ಅದು ನಮ್ಮ ಸುತ್ತಿನಲ್ಲಿ ಇಡುವ ಹೆಸರಲ್ಲ, ಸಿರಾ ಕಡೆಯ ಒಂದು ಊರಿನ ದೇವತೆಯದು. ಮುತ್ತಜ್ಜಿಯ ತವರು ಯಾವುದಿರಬಹುದೆಂಬ ಸುಳಿವೂ ಅದರಲ್ಲೇ ಇತ್ತು.

ದೇವರು ಹೀಗೆ ದಾರಿ ತೋರುವುದು ಬಹಳ ಮನೆಗಳಲ್ಲಿ ಉಂಟು. ಎರಡು ಜಿಲ್ಲೆ ದಾಟಿ ಮೈಲಾರಕ್ಕೋ ಇನ್ನೆಲ್ಲಿಗೋ ಮನೆದೇವರಿಗೆ ಹೋಗುವ ಒಕ್ಕಲು ಒಂದು ಕಾಲದಲ್ಲಿ ಅತ್ತಲಿಂದ ಎದ್ದು ಬಂದಿರಬಹುದು. ಖಂಡಿತ ಎನ್ನಲಾಗದು, ವಿಚಾರಿಸಿ ನೋಡಬಹುದು. ಮಹಾಲಯ ಅಮಾವಾಸ್ಯೆಯ ಎಡೆಯನ್ನೂ ನಾನು ದಾಖಲೆಯೆಂದೇ ಎಣಿಸುತ್ತೇನೆ. ನಮ್ಮ ಮನೆಯ ಎಡೆಯಲ್ಲಿ ಹೊಗೆಸೊಪ್ಪು ಇಡುತ್ತಾರೆ, ಒಂದು ಚಿಟಿಕೆ ನಶ್ಯವನ್ನೂ ಇಡುತ್ತಾರೆ. ಈಗಿರುವ ಯಾರಿಗೂ ನಶ್ಯದ ಅಭ್ಯಾಸವಿಲ್ಲ. ಅದು ಯಾರಿಗಾಗಿ ಎಂದು ಈ ವರ್ಷ ಕೇಳಬೇಕು.

ಹೆಳವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಸುಗ್ಗಿಯ ಮೇಲೆ ಬರುತ್ತಿದ್ದ ಅವರು ಒಕ್ಕಲು ಮನೆಗಳ ಮುಂದೆ ನಿಂತು ಆ ವಂಶದ ಮೂಲ, ಬೆಡಗು, ಕವಲು ಎಲ್ಲವನ್ನೂ ಒಪ್ಪಿಸಿ ಧಾನ್ಯ ಪಡೆಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹೊತ್ತಿಗೆ ಹಿಡಿದು ಬರುವ ಹೆಳವರಿದ್ದಾರೆ. ಓದುಬರಹ ಬಾರದ ರೈತನ ಮನೆತನಕ್ಕೆ ಚರಿತ್ರೆ ಕಟ್ಟಿಕೊಟ್ಟವರು ಅವರು. ನಾವು ಅವರನ್ನು ಭಿಕ್ಷುಕರಂತೆ ಕಂಡು ಕಳಿಸಿದ್ದು ಅನ್ಯಾಯ.

ಹೊಲವೇ ಇಲ್ಲದವರ ಪಾಡು ಇನ್ನೂ ಕಷ್ಟದ್ದು. ಜೀತ ಬಾಯಿಮಾತಿನ ಕರಾರು, ಅದರ ಕಾಗದ ಇದ್ದರೂ ಧಣಿಯ ಪೆಟ್ಟಿಗೆಯಲ್ಲಿ. ಹಾಗೆಂದು ಕೈಬಿಡಬಾರದು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಮೇಲೆ ತೋಟಿ, ತಳವಾರ, ನೀರಗಂಟಿಗಳ ಇನಾಂ ಜಮೀನು ಮರುಮಂಜೂರಿಗೆ ಬಂತು. ಆ ಕಡತಗಳಲ್ಲಿ ಅವರ ವಂಶಾವಳಿ ಇದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯ ಮಂಡಳಿಯ ಮುಂದೆ ನಿಂತು, ನಮ್ಮ ತಾತನ ಕಾಲದಿಂದ ಉಳುತ್ತಿದ್ದೇವೆ ಎಂದು ಹೇಳಿಕೆ ಕೊಟ್ಟರು. ಪರರ ಹೊಲ ಉತ್ತು ಹೋದ ಎಷ್ಟೋ ತಾತಂದಿರ ಹೆಸರು ಸರ್ಕಾರಿ ಕಾಗದಕ್ಕೆ ಬಿದ್ದದ್ದೇ ಆಗ. ಆ ಕಡತಗಳನ್ನು ಗೆದ್ದಲಿಗೆ ಬಿಟ್ಟರೆ ನಾಡಿನ ಅರ್ಧ ಜನರ ಪೂರ್ವಿಕರು ಎರಡನೇ ಸಲ ಸಾಯುತ್ತಾರೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಸಮಾಧಾನದ ಸಂಗತಿ. ಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳೂ ಒಂದೂ ಬಿಡದಂತೆ ಅದರಲ್ಲಿ ಸೇರಬೇಕು.

ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಜನಗಣತಿಯ ಹಾಳೆಗಳನ್ನು ಜನರಿಗೆ ತೆರೆಯುತ್ತಾರೆ. 1921ರದು 2022ರಲ್ಲಿ ತೆರೆಯಿತು. ಅಲ್ಲಿನ ಕೂಲಿಯವನ ಮರಿಮಗಳು ತನ್ನ ಮುತ್ತಜ್ಜಿಯ ಹೆಸರು, ವಯಸ್ಸು, ಹುಟ್ಟೂರನ್ನು ಮನೆಯಲ್ಲೇ ಕೂತು ಓದಬಲ್ಲಳು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯಂತೆ ಒಬ್ಬೊಬ್ಬರ ವಿವರ ಗುಟ್ಟಾಗಿಯೇ ಉಳಿಯುತ್ತದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಆದ್ದರಿಂದ ನಮಗೆ ಹಿರಿಯರ ಬಾಯಿಯೇ ದೊಡ್ಡ ದಫ್ತರ, ಅದು ಬಹಳ ಕಾಲ ತೆರೆದಿರುವುದಿಲ್ಲ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ಹಬ್ಬಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕೂತುಕೊಳ್ಳಿ. ಯಾರು ಹೇಳಿದರು, ಯಾವತ್ತು ಹೇಳಿದರು ಎಂಬುದನ್ನೂ ಬರೆಯಿರಿ. ಟ್ರಂಕಿನ ತಳದಲ್ಲಿರುವ ಕಂದಾಯದ ರಸೀದಿ, ಹರಿದ ಕ್ರಯಪತ್ರಗಳನ್ನು ಎಸೆಯಬೇಡಿ, ಫೋಟೊ ತೆಗೆದಿಡಿ. ಗಂಡಸರ ಹೆಸರು ಪಹಣಿಯಲ್ಲಿ ಹೇಗೂ ಸಿಗುತ್ತದೆ. ನೀವು ನಿಮ್ಮ ಅಜ್ಜಿಯ ತಾಯಿಯ ಹೆಸರು, ಅವಳ ತವರೂರು ಕೇಳುವುದರಿಂದ ಶುರುಮಾಡಿ.